ಅರ್ಧ ಟಿಕೆಟಿನ ಸತ್ಯ

ಮನುಷ್ಯನ ಶೀಲವು ದೊಡ್ಡ ಸಂಕಟಗಳಲ್ಲಿ ಮಾತ್ರವೇ ಪರೀಕ್ಷೆಗೆ ಬರುತ್ತದೆಂದು ಭಾವಿಸುವುದು ವಾಡಿಕೆ. ಸತ್ಯವೆಂದೊಡನೆ ನೆನಪಿಗೆ ಬರುವವರು ರಾಜ್ಯವನ್ನು ತೊರೆದ ಹರಿಶ್ಚಂದ್ರ, ಹುಲಿಯ ಬಾಯಿಗೆ ತಾನಾಗಿಯೇ ಮರಳಿ ಬಂದ ಪುಣ್ಯಕೋಟಿ. ಆದರೆ ಸಾಧಾರಣ ಗೃಹಸ್ಥನ ಬಾಳಿನಲ್ಲಿ ಕಳೆದುಕೊಳ್ಳಲು ರಾಜ್ಯವಿಲ್ಲ, ಎದುರಿಸಲು ಹುಲಿಯೂ ಇಲ್ಲ. ಅವನ ಸತ್ಯವು ಪರೀಕ್ಷೆಗೊಳಗಾಗುವುದು ಅಂಗಡಿಯ ಕಟ್ಟೆಯಲ್ಲಿ, ರೈಲಿನ ಡಬ್ಬಿಯಲ್ಲಿ, ಟಿಕೆಟಿನ ಕಿಟಕಿಯ ಮುಂದೆ. ಪರೀಕ್ಷೆಯು ಅಲ್ಪವಾದುದರಿಂದ ಅದು ಪರೀಕ್ಷೆಯೆಂಬುದೇ ಅವನಿಗೆ ತೋರುವುದಿಲ್ಲ. ತೋರದಿರುವುದರಿಂದಲೇ ಸೋಲು ಸುಲಭವಾಗುತ್ತದೆ. ಅಂಥದೊಂದು ಅಲ್ಪ ಪ್ರಸಂಗವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಬಹುದು. ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ವಿನೋದೋದ್ಯಾನಕ್ಕೆ ಹೊರಟ ತಂದೆಯು, ಟಿಕೆಟು ಕೊಳ್ಳುವಾಗ ಮಗುವಿನ ವಯಸ್ಸನ್ನು ಒಂದು ವರ್ಷ ತಗ್ಗಿಸಿ ಹೇಳುವುದು ತಪ್ಪೆ? ತಪ್ಪಾದರೆ ಅದರಿಂದ ಕೇಡು ಯಾರಿಗೆ?

ಥೀಮ್ ಪಾರ್ಕ್ ಎಂದು ಜನರು ಕರೆಯುವ ಇಂಥ ಉದ್ಯಾನಗಳಲ್ಲಿ ಜಗತ್ಪ್ರಸಿದ್ಧವಾದುದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಅನಾಹೈಮ್ ಊರಿನಲ್ಲಿರುವ ಡಿಸ್ನಿಲ್ಯಾಂಡ್. ವಾಲ್ಟ್ ಡಿಸ್ನಿಯು ಅದನ್ನು 1955ನೆಯ ಇಸವಿ ಜುಲೈ 17ರಂದು ತೆರೆದಾಗ ದೊಡ್ಡವರಿಗೆ ಪ್ರವೇಶದ ಬೆಲೆ 1 ಡಾಲರು, ಮಕ್ಕಳಿಗೆ 50 ಸೆಂಟು. ಒಳಗಿನ ಆಟಗಳಿಗೆ ಬೇರೆಬೇರೆ ಹಣ. ಆಟದ ಚೀಟಿಗಳನ್ನು ಪುಸ್ತಕದಂತೆ ಕೂಡಿಸಿ ಮಾರುವ ಪದ್ಧತಿಯು ಅದೇ ವರ್ಷ ಬಂದು 1982ರಲ್ಲಿ ನಿಂತುಹೋಯಿತು. ಅಲ್ಲಿಂದೀಚೆಗೆ ಬಾಗಿಲಿನಲ್ಲಿ ಒಂದೇ ಟಿಕೆಟು. 2016ರಿಂದ ಆ ಟಿಕೆಟಿನ ಬೆಲೆಯೂ ದಿನದಿಂದ ದಿನಕ್ಕೆ ಬೇರೆಯಾಗತೊಡಗಿತು: ಜನ ನೆರೆಯುವ ದಿನ ಹೆಚ್ಚು, ನೆರೆಯದ ದಿನ ಕಡಮೆ. 2024ರ ಅಕ್ಟೋಬರಿನಲ್ಲಿ ಅತ್ಯಂತ ತುಟ್ಟಿಯಾದ ದಿನದ ಟಿಕೆಟು 206 ಡಾಲರಿಗೆ ಏರಿತು. ಮೂರು ವರ್ಷ ತುಂಬದ ಕೂಸಿಗೆ ಅಲ್ಲಿ ಹಣವಿಲ್ಲ; ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಅದೂ ಸ್ವಲ್ಪವೇ ಕಡಮೆ; ಹತ್ತಾದವನು ದೊಡ್ಡವನು. ಹೀಗಾಗಿ ಮಗುವಿನ ಮೂರನೆಯ ಹುಟ್ಟುಹಬ್ಬವು ನೂರಕ್ಕೂ ಮಿಕ್ಕ ಡಾಲರುಗಳ ಹಬ್ಬವಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಸಾಕ್ಷಿಯೆಂದರೆ ತಾಯಿತಂದೆಗಳ ಮಾತು.

ಈ ಪ್ರಶ್ನೆಯು ದೂರದೇಶದ್ದು ಮಾತ್ರವಲ್ಲ. ಭಾರತದ ರೈಲುಗಳಲ್ಲಿ ಐದು ತುಂಬದ ಮಗುವಿಗೆ ಪ್ರತ್ಯೇಕ ಸ್ಥಳ ಕೇಳದಿದ್ದರೆ ಹಣವಿಲ್ಲ. ಐದರಿಂದ ಹನ್ನೆರಡು ತುಂಬುವವರೆಗೆ ಅರ್ಧ ಟಿಕೆಟು. 2016ರ ಏಪ್ರಿಲ್ 21ರಿಂದ ಈ ವಯಸ್ಸಿನ ಮಗುವಿಗೆ ಮಲಗುವ ಸ್ಥಳ ಬೇಕೆಂದರೆ ಪೂರ್ಣ ದರವನ್ನು ಕೊಡತಕ್ಕದ್ದಾಯಿತು. ಅರ್ಧ ಟಿಕೆಟಿನ ಕಾಲದಿಂದಲೂ ಐದು ವರ್ಷಗಳ ಕಾಲ ಹನ್ನೊಂದರಲ್ಲಿಯೇ ನಿಂತ ಹುಡುಗರು ಈ ದೇಶದಲ್ಲಿ ಅನೇಕರು. ಇನ್ನೊಂದು ದಿಕ್ಕಿನಲ್ಲಿ, ಶಾಲೆಗೆ ಬೇಗ ಸೇರಿಸಬೇಕೆಂದು ವಯಸ್ಸನ್ನು ಏರಿಸಿದವರೂ ಉಂಟು; ಉಪಾಧ್ಯಾಯರು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ತಾರೀಖು ಒಂದು, ತಾಯಿಯ ನೆನಪಿನಲ್ಲಿರುವ ದಿನ ಮತ್ತೊಂದು, ಹೀಗೆ ಎರಡು ಜನ್ಮದಿನಗಳನ್ನು ಹೊತ್ತು ಮುದುಕರಾದವರು ಹಳ್ಳಿಹಳ್ಳಿಗೂ ಸಿಕ್ಕುತ್ತಾರೆ. ವಯಸ್ಸೆಂಬುದು ಸಂಗತಿಯಲ್ಲ, ಅನುಕೂಲ ಎಂಬ ಭಾವನೆಯು ಹೀಗೆ ಬೇರೂರಿದುದರಿಂದ, ಕಿಟಕಿಯ ಮುಂದೆ ಒಂದು ವರ್ಷವನ್ನು ತೆಗೆದಿಡುವುದು ಜಾಣತನವೆನಿಸಿಕೊಂಡಿದೆಯೇ ಹೊರತು ಸುಳ್ಳೆನಿಸಿಕೊಂಡಿಲ್ಲ.

ಈ ಜಾಣತನದ ಪಕ್ಷದವರು ಹೇಳುವ ಕಾರಣಗಳನ್ನು ಉಪೇಕ್ಷಿಸಲಾಗದು. ಮೊದಲನೆಯದು: ಉದ್ಯಾನದ ಒಡೆಯರು ಕೋಟಿಗಟ್ಟಲೆ ಸಂಪಾದಿಸುವ ಕಂಪೆನಿಯವರು, ಒಂದು ಕೂಸಿನ ಟಿಕೆಟು ಸಾಗರದಿಂದ ತೆಗೆದ ಒಂದು ಬೊಗಸೆ ನೀರು, ನಷ್ಟವೇ ಇಲ್ಲದ ಕಡೆ ಅಪರಾಧವೆಲ್ಲಿ? ಇದಕ್ಕೆ ಸಮಾಧಾನವೇನೆಂದರೆ, ಮೋಸದ ಸ್ವರೂಪವನ್ನು ಮೋಸಹೋದವನ ಐಶ್ವರ್ಯದಿಂದ ಅಳೆಯುವುದಾದರೆ ಆ ಅಳತೆಗೋಲು ಎಲ್ಲರ ಕೈಗೂ ಬರುತ್ತದೆ. ಕಂಪೆನಿಗೆ ಏನು ನಷ್ಟ ಎನ್ನುವ ಗೃಹಸ್ಥನ ಮನೆಯಲ್ಲಿ ಕೆಲಸಕ್ಕಿರುವವಳು, ಈ ಮನೆಯವರಿಗೆ ಏನು ನಷ್ಟ ಎಂದುಕೊಂಡು ಸಾಮಾನಿನ ಲೆಕ್ಕದಲ್ಲಿ ಹತ್ತು ರೂಪಾಯಿ ಕೂಡಿಸಿದರೆ ಅವನು ಒಪ್ಪುವನೆ? ಅವಳ ದೃಷ್ಟಿಯಲ್ಲಿ ಅವನೂ ಒಂದು ಸಾಗರವೇ. ತನಗೆ ಸಲ್ಲುವ ನ್ಯಾಯ ಅವಳಿಗೆ ಸಲ್ಲದೆಂದರೆ ಅದು ನ್ಯಾಯವೆನಿಸದು.

ಎರಡನೆಯ ಕಾರಣ: ಈ ಗೆರೆಯೇ ಅರ್ಥವಿಲ್ಲದ್ದು. ನಿನ್ನೆ ರಾತ್ರಿ ಒಂಬತ್ತು ವರ್ಷದವನಾಗಿ ಮಲಗಿದ ಹುಡುಗನು ಬೆಳಗಾಗುವುದರೊಳಗೆ ಎಷ್ಟು ಬೆಳೆದನೆಂದು ದೊಡ್ಡವರ ಹಣ ಕೊಡಬೇಕು? ಮಾತು ನಿಜವೇ, ಕಾಲವು ಹೊಳೆಯಂತೆ ಹರಿಯುವುದು, ಗೆರೆಯನ್ನು ಎಳೆಯುವವನು ಮನುಷ್ಯ. ಆದರೆ ಲೋಕದ ವ್ಯವಸ್ಥೆಯೆಲ್ಲವೂ ಇಂಥ ಗೆರೆಗಳ ಮೇಲೆಯೇ ನಿಂತಿದೆ. ಹದಿನೆಂಟು ತುಂಬಿದವನಿಗೆ ಮತವುಂಟು, ತುಂಬಲು ಒಂದು ದಿನವಿರುವವನಿಗೆ ಇಲ್ಲ. ಗೆರೆಯು ಎಲ್ಲಿದ್ದರೂ ಅದರ ಅಂಚಿನಲ್ಲಿ ಒಬ್ಬನು ನಿಂತೇ ಇರುತ್ತಾನೆ. ಗೆರೆಯು ತಪ್ಪೆಂದು ವಾದಿಸುವ ಹಕ್ಕು ಅವನಿಗುಂಟು. ಗೆರೆಯ ಆಚೆಗೆ ನಿಂತು ಈಚೆಗಿದ್ದೇನೆಂದು ಹೇಳುವ ಹಕ್ಕಿಲ್ಲ.

ಮೂರನೆಯದು ಎಲ್ಲಕ್ಕಿಂತಲೂ ಕಠಿನವಾದದ್ದು. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಮಕ್ಕಳಿಗೆ ಒಂದು ದಿನದ ಸಂತೋಷವನ್ನು ತಂದುಕೊಡಲು ಹೊರಟ ಬಡ ತಂದೆಯ ಮಾತೇನು? 2024ರ ಅಕ್ಟೋಬರಿನ ದರದಂತೆ ನಾಲ್ವರ ಕುಟುಂಬವು ತುಟ್ಟಿಯಾದ ದಿನ ಡಿಸ್ನಿಲ್ಯಾಂಡಿನ ಬಾಗಿಲನ್ನು ದಾಟಬೇಕಾದರೆ ಸುಮಾರು 800 ಡಾಲರು ಬೇಕಾಗಿತ್ತು. ಊಟ ವಸತಿಗಳ ವೆಚ್ಚ ಬೇರೆ. ಹೊಟ್ಟೆಯನ್ನು ಕಟ್ಟಿ ಬಂದವನಿಗೆ ಧರ್ಮೋಪದೇಶ ಮಾಡುವುದು ಹೊಟ್ಟೆ ತುಂಬಿದವನಿಗೆ ಶೋಭಿಸದು. ಪ್ರಾಣಸಂಕಟದಲ್ಲಿ ಆಡಿದ ಸುಳ್ಳನ್ನು ಈ ದೇಶದ ಧರ್ಮಶಾಸ್ತ್ರವೂ ಕ್ಷಮಿಸಿದೆ. ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ಬ್ರಾಹ್ಮಣನ ಕಥೆಯನ್ನು ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ತೊಟ್ಟಿದ್ದ ಆತನು, ಓಡಿಬಂದು ಅಡಗಿದ್ದ ಜನರ ಸುಳಿವನ್ನು ಕಳ್ಳರು ಕೇಳಲಾಗಿ ಇದ್ದುದನ್ನು ಇದ್ದಂತೆ ಹೇಳಿದನು, ಅವರು ಹತರಾದರು, ಕೌಶಿಕನಿಗೆ ದೊರೆತದ್ದು ನರಕ. ಜರ್ಮನ್ ತತ್ತ್ವಜ್ಞನಾದ ಕಾಂಟನು 1797ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ತೀರ ವಿರುದ್ಧವಾದ ನಿರ್ಣಯವನ್ನು ಕೊಟ್ಟನು: ಸ್ನೇಹಿತನನ್ನು ಅಟ್ಟಿಬಂದ ಕೊಲೆಗಾರನು ಬಾಗಿಲಲ್ಲಿ ನಿಂತು ಕೇಳಿದರೂ ಅಸತ್ಯವನ್ನಾಡುವ ಅಧಿಕಾರ ಯಾರಿಗೂ ಇಲ್ಲ. ವ್ಯಾಸರ ಮಾತೇ ಮಾನವಹೃದಯಕ್ಕೆ ಹತ್ತಿರವಾದುದೆಂದು ಒಪ್ಪಿದರೂ, ಟಿಕೆಟಿನ ಕಿಟಕಿಯ ವಿಷಯದಲ್ಲಿ ಈ ಇಬ್ಬರಿಗೂ ಭೇದವಿಲ್ಲ. ಅಲ್ಲಿ ಕಿಟಕಿಯ ಹಿಂದೆ ಕಳ್ಳನಿಲ್ಲ. ಮಗುವಿನ ಪ್ರಾಣಕ್ಕೆ ಅಪಾಯವಿಲ್ಲ. ಕಾಪಾಡಬೇಕಾಗಿರುವುದು ಒಂದು ದಿನದ ವಿನೋದ. ಅನ್ನವನ್ನು ನಾಳೆಗೆ ಮುಂದೂಡಲಾಗದು; ವಿನೋದವನ್ನು ಮುಂದಿನ ವರ್ಷಕ್ಕೆ ಮುಂದೂಡಬಹುದು, ಅಗ್ಗದ ದಿನಕ್ಕೆ ಬದಲಾಯಿಸಬಹುದು. “ಈ ಸಲ ಕೈಲಾಗದು, ಮಗು” ಎಂದು ತಂದೆಯು ಬಾಯಿಬಿಟ್ಟು ಹೇಳಿದರೆ ಮಗುವಿನ ಕಣ್ಣಲ್ಲಿ ನೀರು ಬರಬಹುದು. ಆದರೆ ಬಡತನವನ್ನು ನಾಚಿಕೆಯಿಲ್ಲದೆ ಹೇಳಬಹುದೆಂಬ ಪಾಠವು ಆ ಕಣ್ಣೀರಿನೊಡನೆ ಅದರ ಮನಸ್ಸಿಗೆ ಇಳಿಯುತ್ತದೆ.

ಇಷ್ಟಾದರೂ ಕೇಡು ಯಾರಿಗೆಂಬ ಪ್ರಶ್ನೆಗೆ ಉತ್ತರವಾಗಲಿಲ್ಲ. ಕಂಪೆನಿಗೆ ಆಗುವ ನಷ್ಟವು ಅಲ್ಪವೆಂಬುದು ನಿಜ. ತಂದೆಯೂ ಒಂದು ಸುಳ್ಳಿನಿಂದ ಪತಿತನಾಗಿಬಿಡುವುದಿಲ್ಲ. ವಿಚಾರ ಮಾಡತಕ್ಕದ್ದು, ಇವರಿಬ್ಬರ ನಡುವೆ ಕೈಹಿಡಿದುಕೊಂಡು ನಿಂತಿರುವ ಮೂರನೆಯವರ ಸಂಗತಿಯನ್ನು.

ಮಗುವು ತನ್ನ ವಿಷಯವಾಗಿ ಕಲಿಯುವ ಮೊದಲನೆಯ ಅಂಕಿ ಅದರ ವಯಸ್ಸು. ತನ್ನ ಮನೆಯ ನಂಬರು, ತಂದೆಯ ಉದ್ಯೋಗ, ಊರಿನ ಹೆಸರು ಇವೆಲ್ಲ ಆಮೇಲೆ. ಬಂದ ನೆಂಟರು “ನಿನಗೆಷ್ಟು ವರ್ಷ?” ಎಂದು ಕೇಳಿದರೆ ಅದು ಮೂರು ಬೆರಳುಗಳನ್ನು ಕಷ್ಟಪಟ್ಟು ಎತ್ತಿಹಿಡಿಯುತ್ತದೆ; ಕಿರುಬೆರಳನ್ನು ಹೆಬ್ಬೆರಳಿನಿಂದ ಅದುಮಿಕೊಂಡು ತೋರಿಸುತ್ತದೆ. ಲೋಕದ ಮುಂದೆ ಅದು ನುಡಿದ ಮೊದಲನೆಯ ಸತ್ಯ ಅದೇ ಎಂದರೂ ಸಲ್ಲುತ್ತದೆ. ಆ ಮೂರನೆಯ ಬೆರಳಿನಲ್ಲಿ ಎಷ್ಟು ಹೆಮ್ಮೆ! ಮಗುವಿಗೆ ಬೆಳೆಯುವುದೇ ಸಾಧನೆ. ತಾನು ನಿನ್ನೆಗಿಂತ ದೊಡ್ಡದಾದೆನೆಂಬುದೇ ಸಂಪತ್ತು. ಟಿಕೆಟಿನ ಕಿಟಕಿಯ ಮುಂದೆ ತಂದೆಯು ಮೆಲ್ಲನೆ ಬಾಗಿ ಆ ಬೆರಳನ್ನು ಮಡಿಸುತ್ತಾನೆ. “ಕೇಳಿದರೆ ಎರಡು ಅನ್ನು” ಎನ್ನುತ್ತಾನೆ. ಆಗ ಮಗುವಿಗೆ ಎರಡು ಪಾಠಗಳು ಒಟ್ಟಿಗೆ ಆಗುತ್ತವೆ. ಮಾತೆಂಬುದು ಹಣಕ್ಕೆ ತಕ್ಕಂತೆ ಬಾಗುವ ವಸ್ತುವೆಂಬುದು ಒಂದು. ತಾನು ಬೆಳೆದದ್ದು ಮನೆಯವರಿಗೆ ಒಂದು ನಷ್ಟ, ತಾನು ಇದ್ದಷ್ಟು ಇರುವುದು ಒಂದು ಅಡ್ಡಿ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಕ್ರೂರವಾದದ್ದು.

ಕೂಸಿಗೆ ಏನು ತಿಳಿದೀತು ಎನ್ನುವವರು ಮಕ್ಕಳನ್ನು ಅರಿತವರಲ್ಲ. ಗಾಂಧಿಯವರು ಬಾಲ್ಯದಲ್ಲಿ ಹರಿಶ್ಚಂದ್ರನ ನಾಟಕವನ್ನು ನೋಡಿದುದನ್ನೂ, ಎಲ್ಲರೂ ಅವನಂತೆ ಏಕಾಗಬಾರದೆಂದು ತಮ್ಮನ್ನು ತಾವೇ ಕೇಳಿಕೊಂಡುದನ್ನೂ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದು ನಾಟಕವು ಹುಡುಗನನ್ನು ಅಷ್ಟು ಕಲಕಬಲ್ಲುದಾದರೆ, ಹೆತ್ತವರೇ ಪಾತ್ರಧಾರಿಗಳಾದ ದೃಶ್ಯವು ಕಲಕದೆ ಬಿಟ್ಟೀತೆ? ಕನ್ನಡನಾಡಿನ ಮನೆಗಳಲ್ಲಿ ಗೋವಿನ ಹಾಡನ್ನು ಕೇಳದೆ ಬೆಳೆದ ಮಕ್ಕಳು ವಿರಳ. ರಾತ್ರಿ ಪುಣ್ಯಕೋಟಿಯ ಕಥೆ, ಹಗಲು ಕಿಟಕಿಯ ಕಥೆ. ಎರಡನ್ನೂ ಹೇಳಿದವರು ಒಬ್ಬರೇ. ಮಗುವು ಯಾವುದನ್ನು ಕಥೆಯೆಂದೂ ಯಾವುದನ್ನು ಬಾಳೆಂದೂ ತಿಳಿಯುವುದೆಂಬುದು ಊಹೆಗೆ ಕಷ್ಟವಲ್ಲ.

ಇನ್ನು ಕೆಲವರು ಸೂಕ್ಷ್ಮಮತಿಗಳು. ಅವರು ಸುಳ್ಳಾಡುವುದಿಲ್ಲ, ಮೂರು ದಾಟಿದ ಮಗುವನ್ನು ಕಂಕುಳಿಗೆ ಎತ್ತಿಕೊಂಡು, ಮೇಲೆ ಒಂದು ಶಾಲು ಹೊದಿಸಿ, ಬಾಯಿ ಮುಚ್ಚಿ ನಿಲ್ಲುತ್ತಾರೆ. ಟಿಕೆಟು ಕೊಡುವವನು ತಾನಾಗಿಯೇ ಮೋಸಹೋದರೆ ಅದು ಅವನ ತಪ್ಪು. ಇದು ಧರ್ಮರಾಯನ ಮಾರ್ಗ. ಅಶ್ವತ್ಥಾಮನೆಂಬ ಹೆಸರನ್ನು ಗಟ್ಟಿಯಾಗಿಯೂ ಆನೆಯೆಂಬುದನ್ನು ಮೆಲ್ಲಗೂ ಹೇಳಿದ ಆತನ ರಥವು, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದುದು, ಆ ಕ್ಷಣದಿಂದ ನೆಲವನ್ನು ಮುಟ್ಟಿತೆಂದು ದ್ರೋಣಪರ್ವವು ಹೇಳುತ್ತದೆ. ಧರ್ಮರಾಯನ ಮುಂದಿದ್ದುದು ಒಂದು ಯುದ್ಧ; ಶಾಲಿನ ತಾಯಿಯ ಮುಂದಿರುವುದು ಒಂದು ಟಿಕೆಟು.

ಈ ತೊಡಕಿನಿಂದ ಪಾರಾಗಲು ಕೆಲವು ಉದ್ಯಾನದವರು ಮಾತನ್ನೇ ಬಿಟ್ಟು ಗೋಲನ್ನು ಹಿಡಿದಿದ್ದಾರೆ. ಬೆಂಗಳೂರು–ಮೈಸೂರು ಹಾದಿಯಲ್ಲಿ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಉದ್ಯಾನದಲ್ಲಿ ಮಗುವಿನ ದರವನ್ನು ನಿರ್ಣಯಿಸುವುದು ವಯಸ್ಸಲ್ಲ, ಎತ್ತರ. 140 ಸೆಂಟಿಮೀಟರನ್ನು ಮೀರಿದವರು ದೊಡ್ಡವರು. ಗೋಡೆಯ ಗುರುತಿನ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿದರೆ ವಿವಾದ ತೀರಿತು. ಇದು ನಿರಾಡಂಬರವಾದ ಉಪಾಯವೇ ಸರಿ. ಆದರೆ ಗೋಲು ಸುಳ್ಳಿಗೆ ಎಡೆಯನ್ನು ತಪ್ಪಿಸುವಾಗ ಸತ್ಯಕ್ಕೂ ಎಡೆಯನ್ನು ತಪ್ಪಿಸುತ್ತದೆಂಬುದನ್ನು ಮರೆಯಲಾಗದು. ವಯಸ್ಸೆಷ್ಟೆಂದು ಕೇಳಿ, ಹೇಳಿದುದನ್ನು ನಂಬಿ ಟಿಕೆಟು ಕೊಡುವ ಕಿಟಕಿಯು ಅಪರಿಚಿತನಿಗೆ ಒಂದು ಮರ್ಯಾದೆಯನ್ನು ಸಲ್ಲಿಸುತ್ತದೆ. ಪ್ರತಿಯೊಂದು ಸುಳ್ಳೂ ಆ ಮರ್ಯಾದೆಯ ಮೂಲಧನದಿಂದ ಒಂದು ಕಾಸನ್ನು ಕದಿಯುತ್ತದೆ. ಅದು ಮುಗಿದ ದಿನ ಎಲ್ಲ ಕಿಟಕಿಗಳಲ್ಲಿಯೂ ಜನ್ಮಪತ್ರವನ್ನು ಕೇಳುವರು. ನಿಜ ಹೇಳುವವನೂ ಅನುಮಾನದ ಸಾಲಿನಲ್ಲಿ ನಿಲ್ಲುವನು. ಸಾಗರಕ್ಕೆ ನಷ್ಟವಿಲ್ಲವೆಂದವನು ಕದ್ದದ್ದು ಸಾಗರದ ನೀರನ್ನಲ್ಲ, ಹಿಂದೆ ಬರುವ ಪ್ರಯಾಣಿಕರ ಕುಡಿಯುವ ನೀರನ್ನು.

ಇದೇ ಉದ್ಯಾನಗಳ ಒಳಗೆ ಇನ್ನೊಂದು ಗೋಲುಂಟು. ಡಿಸ್ನಿಲ್ಯಾಂಡಿನ ಸ್ಪೇಸ್ ಮೌಂಟನ್ ಎಂಬ ಆಟದ ಬಂಡಿಯನ್ನೇರಲು 40 ಅಂಗುಲ ಎತ್ತರ ಬೇಕು. ಹೊರಗಿನ ಕಿಟಕಿಯಲ್ಲಿ ಮಗುವನ್ನು ಕುಗ್ಗಿಸಿದವರೇ ಈ ಬಾಗಿಲಲ್ಲಿ ಅದನ್ನು ಹಿಗ್ಗಿಸಲು ಹವಣಿಸುವುದುಂಟು; ತುದಿಗಾಲಿನಲ್ಲಿ ನಿಲ್ಲೆನ್ನುತ್ತಾರೆ, ಬೂಟಿನೊಳಗೆ ಬಟ್ಟೆಯನ್ನು ತುರುಕುತ್ತಾರೆ. ಆದರೆ ಇಲ್ಲಿಯ ಅಂಕಿಯು ಬೆಲೆಗಾಗಿ ಇಟ್ಟದ್ದಲ್ಲ, ಪ್ರಾಣಕ್ಕಾಗಿ ಇಟ್ಟದ್ದು. ಮೈಯನ್ನು ಹಿಡಿದಿಡುವ ಸಲಾಕೆಯು ಇಷ್ಟು ಎತ್ತರದವರನ್ನೇ ಹಿಡಿದೀತೆಂಬ ಲೆಕ್ಕ ಅದರ ಹಿಂದಿದೆ. ಯಂತ್ರಕ್ಕೆ ಶಿಫಾರಸು ನಾಟುವುದಿಲ್ಲ. ಅಂಕಿಯನ್ನು ಅನುಕೂಲಕ್ಕೆ ಬಾಗಿಸಬಹುದೆಂದು ಹೊರಗೆ ಕಲಿತ ಅಭ್ಯಾಸವು ಒಳಗೆ ಎಲ್ಲಿಗೆ ಒಯ್ಯುವುದೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ದೋಷವೆಲ್ಲವನ್ನೂ ಗೃಹಸ್ಥನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಒಂದೇ ಬಾಗಿಲಿಗೆ ಸೋಮವಾರ ಒಂದು ಬೆಲೆ, ಶನಿವಾರ ಒಂದು ಬೆಲೆ. ಸಾಲಿನಲ್ಲಿ ಮುಂದೆ ಹೋಗಲು ಮತ್ತೊಂದು ಬೆಲೆ. ಹೀಗೆ ಕೊಳ್ಳುವವನ ಆಸೆಯನ್ನು ಅಳೆದು ಬೆಲೆ ಕಟ್ಟುವವರು, ವ್ಯಾಪಾರವನ್ನು ಪರಸ್ಪರ ನಂಬಿಕೆಯಿಂದ ತಪ್ಪಿಸಿ ಪರಸ್ಪರ ಪಂದ್ಯವನ್ನಾಗಿ ಮಾಡುತ್ತಾರೆ. ಪಂದ್ಯವೆಂದ ಮೇಲೆ ಎದುರಾಳಿಯು ಪಟ್ಟು ಹಾಕಿದರೆ ಆಶ್ಚರ್ಯವೇನು? ಮಕ್ಕಳ ಸಂತೋಷವನ್ನೇ ಬಂಡವಾಳವಾಗಿ ಮಾಡಿಕೊಂಡವರು, ಆ ಮಕ್ಕಳ ಮುಂದೆ ತಂದೆಯನ್ನು ಆಸೆಗೆ ಈಡುಮಾಡದಂತೆ ದರವನ್ನು ಇಡುವುದೂ ಧರ್ಮವೇ. ಆದರೆ ಒಬ್ಬನ ಧರ್ಮಲೋಪವು ಇನ್ನೊಬ್ಬನ ಧರ್ಮಕ್ಕೆ ರಜೆ ಕೊಡುವುದಿಲ್ಲ.

ತಂದೆಯು ಮಗುವಿಗಾಗಿ ಪೂರ್ಣ ಟಿಕೆಟನ್ನು ಕೊಂಡಾಗ ಅವನ ಕೈಯಿಂದ ಒಂದಿಷ್ಟು ಹಣ ಹೋಗುತ್ತದೆ. ಅದಕ್ಕೆ ಬದಲಾಗಿ ಬರುವುದು ಉದ್ಯಾನದ ಆಟಗಳು ಮಾತ್ರವಲ್ಲ. ತಾನು ಬೆಳೆದದ್ದನ್ನು ತನ್ನವರು ಹಣ ತೆತ್ತು ಒಪ್ಪಿಕೊಂಡರೆಂಬ ತಿಳಿವು ಮಗುವಿಗೆ ದೊರೆಯುತ್ತದೆ. ಆಟದ ಬಂಡಿಗಳು ಸಂಜೆಗೆ ನಿಲ್ಲುತ್ತವೆ. ಅವುಗಳ ನೆನಪೂ ಕೆಲವು ವರ್ಷಗಳಲ್ಲಿ ಮಾಸುತ್ತದೆ. ತನ್ನ ವಯಸ್ಸನ್ನು ಲೋಕದ ಮುಂದೆ ನೆಟ್ಟಗೆ ಹೇಳಬಹುದೆಂಬ ಧೈರ್ಯವು, ಮುಂದೆ ಅದೇ ಮಗುವು ದೊಡ್ಡದಾಗಿ ತನ್ನ ಲೆಕ್ಕವನ್ನೂ ತನ್ನ ತಪ್ಪನ್ನೂ ನೆಟ್ಟಗೆ ಹೇಳಬೇಕಾಗಿ ಬಂದಾಗ ಉಪಯೋಗಕ್ಕೆ ಬರುವ ಗಂಟು. ಅದನ್ನು ಅರ್ಧ ಬೆಲೆಗೆ ಮಾರುವ ಕಿಟಕಿಯು ಎಲ್ಲಿಯೂ ಇಲ್ಲ.