ಗಂಟಲು ದಾಟುವ ಮುನ್ನ



'ಬಿಸ್ಮಿಲ್ಲಾಹ್' ಎಂದು ಹೇಳಿ ನೀವು ಒಂದು ತುತ್ತು ಅನ್ನವನ್ನು ಬಾಯಿಗಿಡುತ್ತೀರಿ. ಅದನ್ನು ಅಗಿಯುವುದು, ನುಂಗುವುದು ಅಥವಾ ಉಗುಳುವುದು ನಿಮ್ಮ ಕೈಯಲ್ಲಿದೆ. ಅದು ಗಂಟಲನ್ನು ದಾಟಿತೆಂದರೆ ನಿಮ್ಮ ಅಧಿಕಾರ ಮುಗಿಯಿತು. ಅನಂತರದ ಕೆಲಸಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ. ಮನುಷ್ಯನು ತನ್ನ ಆಹಾರದ ಕುರಿತು ಚಿಂತಿಸಬೇಕೆಂದು ಪವಿತ್ರ ಕುರ್‌ಆನಿನ 'ಅಬಸ' ಅಧ್ಯಾಯವು ಕರೆ ನೀಡುತ್ತದೆ. ಅಲ್ಲಿ ಮಳೆ, ಧಾನ್ಯ, ಹಣ್ಣುಗಳ ಪ್ರಸ್ತಾಪವಿದೆ. ಆ ಚಿಂತನೆಯನ್ನು ನಾವು ತಟ್ಟೆಯಿಂದ ಮುಂದಕ್ಕೂ ಒಯ್ಯೋಣ.

ಬಾಯಿಯಲ್ಲಿ ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಜೊಲ್ಲುರಸ ಒಸರುತ್ತದೆ. ಅದರಲ್ಲಿರುವ ಕಿಣ್ವವು ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಅನ್ನವನ್ನು ಚೆನ್ನಾಗಿ ಅಗಿದಾಗ ತುಸು ಸಿಹಿಯೆನಿಸುವುದು ಇದರಿಂದಲೇ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಸೇರಿ ಮಾಂಸ, ಬೇಳೆಗಳ ಪ್ರೋಟೀನನ್ನು ಒಡೆಯಲಾರಂಭಿಸುತ್ತವೆ. ಜಠರವೂ ಮಾಂಸದಿಂದಲೇ ಆದುದಲ್ಲವೇ? ಅದು ತನ್ನನ್ನು ತಾನೇ ಜೀರ್ಣಿಸಿಕೊಳ್ಳದಂತೆ ಲೋಳೆಯ ಪದರವೊಂದು ಕಾಯುತ್ತದೆ. ಸುಬ್‌ಹಾನಲ್ಲಾಹ್!

ಮುಂದೆ ಸಣ್ಣ ಕರುಳು. ಉದ್ದ ಸುಮಾರು 6 ಮೀಟರ್. ಯಕೃತ್ತಿನಲ್ಲಿ ಉತ್ಪತ್ತಿಯಾದ ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿಸುತ್ತದೆ. ಮೇದೋಜೀರಕ ಗ್ರಂಥಿಯ ರಸವು ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂತಹ ಲಕ್ಷಾಂತರ ಸೂಕ್ಷ್ಮ ಚಾಚುಗಳಿವೆ. ಅವು ಸಕ್ಕರೆಯನ್ನೂ ಪ್ರೋಟೀನಿನ ತುಣುಕುಗಳನ್ನೂ ಹೀರಿ ರಕ್ತದ ಮೂಲಕ ಯಕೃತ್ತಿಗೆ ಕಳುಹಿಸುತ್ತವೆ. ಕೊಬ್ಬಿನ ಹೆಚ್ಚಿನ ಭಾಗವು ದುಗ್ಧನಾಳಗಳ ಮೂಲಕ ಸಾಗಿ ರಕ್ತವನ್ನು ಸೇರುತ್ತದೆ. ಉಳಿದುದರಿಂದ ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ನಿನ್ನೆಯ ಅನ್ನ ಇಂದು ಸುಜೂದ್ ಮಾಡುವ ಹಣೆಗೂ, ಮಗುವನ್ನು ಎತ್ತಿಕೊಳ್ಳುವ ತೋಳಿಗೂ ಬಲವಾಗುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಈ ಅನ್ನ ಯಾರದೆಂದು ಕರುಳು ಕೇಳುವುದಿಲ್ಲ. ಬೆವರು ಸುರಿಸಿ ಗಳಿಸಿದ ಅಕ್ಕಿಯನ್ನೂ, ತೂಕದಲ್ಲಿ ಮೋಸ ಮಾಡಿ ಗಳಿಸಿದ ಅಕ್ಕಿಯನ್ನೂ ಅದು ಒಂದೇ ರೀತಿ ಅರಗಿಸುತ್ತದೆ. ಹೆಣ್ಣು ಹೆತ್ತವರನ್ನು ಸಾಲಕ್ಕೆ ತಳ್ಳಿ ಪಡೆದ ವರದಕ್ಷಿಣೆಯಿಂದ ಉಣಬಡಿಸಿದ ವಲೀಮದ ಬಿರಿಯಾನಿ ಯಾರ ಹೊಟ್ಟೆಯನ್ನೂ ನೋಯಿಸದಿರಬಹುದು. ಆಳಿನ ಕೂಲಿಯನ್ನು ತಡೆಹಿಡಿದು ಉಂಡ ಊಟವೂ ರುಚಿಯಾಗಿಯೇ ಇರುತ್ತದೆ. ಹೊಟ್ಟೆ ನೋಯಲಿಲ್ಲವೆಂದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಹಲಾಲ್-ಹರಾಮ್‌ಗಳನ್ನು ಬೇರ್ಪಡಿಸುವ ಕೆಲಸವನ್ನು ಅಲ್ಲಾಹನು ಕರುಳಿಗೆ ವಹಿಸಿಲ್ಲ, ನಮಗೆ ವಹಿಸಿದ್ದಾನೆ. ಹರಾಮ್ ತಿಂದು, ಹರಾಮ್ ಉಟ್ಟು, ಕೈಯೆತ್ತಿ ಬೇಡುವವನ ಪ್ರಾರ್ಥನೆ ಹೇಗೆ ತಾನೇ ಸ್ವೀಕೃತವಾದೀತೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆ ನಮ್ಮ ಮುಂದಿದೆ.

ಪ್ರಮಾಣದ ಹೊಣೆಯೂ ನಮ್ಮದೇ. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಸಾಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪಲು ಸಮಯ ಹಿಡಿಯುತ್ತದೆ. ಇಫ್ತಾರ್‌ನಲ್ಲಿ ಅವಸರದಿಂದ ತಿನ್ನುವವನು ಸಾಕೆನ್ನುವ ಮೊದಲೇ ಮಿತಿ ಮೀರಿರುತ್ತಾನೆ. ತರಾವೀಹ್‌ನಲ್ಲಿ ನಿಲ್ಲಲು ಕಷ್ಟಪಡುತ್ತಾನೆ.

ಆದ್ದರಿಂದ ಸಹೋದರ ಸಹೋದರಿಯರೇ, ತುತ್ತು ಗಂಟಲು ದಾಟುವ ಮುನ್ನವೇ ಕೇಳಿಕೊಳ್ಳೋಣ: ಇದು ಎಲ್ಲಿಂದ ಬಂತು? ಇದರಲ್ಲಿ ಯಾರ ಹಕ್ಕಿದೆ? ನೆರೆಮನೆಯವರು ಉಂಡಿದ್ದಾರೆಯೇ? ನಮ್ಮ ಮಕ್ಕಳ ದೇಹವನ್ನು ಹಲಾಲ್ ಅನ್ನದಿಂದಲೇ ಬೆಳೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.