ಹಿತ್ತಲಿನಿಂದ ಅಂಗಳಕ್ಕೆ

'ಹಿತ್ತಲ ಗಿಡ ಮದ್ದಲ್ಲ.' ಊರಿನ ಹಾಡುಗಾರನಿಗೆ, ಮನೆಯ ಜಾಣ ಸೊಸೆಗೆ, ಪಕ್ಕದ ಓಣಿಯ ವೈದ್ಯನಿಗೆ ಈ ಗಾದೆಯನ್ನು ಅನ್ವಯಿಸಿ ಅನ್ವಯಿಸಿ, ಅದರೊಳಗೆ ನಿಜವಾಗಿ ಒಂದು ಗಿಡ ನಿಂತಿದೆ ಎಂಬುದನ್ನೇ ಮರೆತಿದ್ದೇವೆ. ಮದ್ದಲ್ಲ ಎಂದವನು ಆ ಎಲೆಯನ್ನು ಅರೆದು ಕುಡಿದು ನೋಡಿ ಹೇಳಿದ್ದಲ್ಲ. ದಿನಾ ಅದರ ಬುಡಕ್ಕೆ ಮುಸುರೆ ನೀರು ಚೆಲ್ಲಿ, ತಿರುಗಿ ನೋಡದೆ ಒಳಗೆ ಬಂದವನ ಮಾತು ಅದು. ಹಿತ್ತಲು ಎಂದರೆ ಮನೆಯ ಬೆನ್ನು. ಬಚ್ಚಲ ನೀರು ಹರಿಯುವುದು ಅತ್ತ, ಒಲೆಯ ಬೂದಿ ಬೀಳುವುದು ಅತ್ತ. ಬೆನ್ನ ಹಿಂದೆ ಬೆಳೆದದ್ದು ಎಷ್ಟೇ ಹಸಿರಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಈ ಗಾದೆಯನ್ನು ಕಟ್ಟಿದ ಜನರೇ ಒಂದು ಗಿಡವನ್ನು ಮಾತ್ರ ಆ ಪಾಡಿನಿಂದ ತಪ್ಪಿಸಿದರು. ತುಳಸಿಯನ್ನು ಅಂಗಳಕ್ಕೆ ತಂದು, ಕಟ್ಟೆಯ ಮೇಲೆ ಕೂರಿಸಿ, ಬಾಗಿಲು ತೆರೆದ ಕೂಡಲೇ ಕಾಣುವಂತೆ ಮಾಡಿದರು.

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರಿನಲ್ಲಿ ಕಟ್ಟೆಗೆ ಇನ್ನೊಂದು ಅರ್ಥವೂ ಇದೆ. ಸುತ್ತಲೂ ಯರಿ ನೆಲ. ಹತ್ತಿ, ಜೋಳ, ಮೆಣಸಿನಕಾಯಿಗೆ ಹೇಳಿ ಮಾಡಿಸಿದ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಹಿಡಿದರೆ ನೀರು ಬಿಟ್ಟುಕೊಡದೆ ಕಾಲಿಗೆ ಮೆತ್ತಿ ಚಪ್ಪಲಿ ಕೀಳುತ್ತದೆ. ತುಳಸಿಯ ಬೇರು ನಿಂತ ನೀರನ್ನು ತಾಳದು, ಕೊಳೆತು ಹೋಗುತ್ತದೆ. ಅದಕ್ಕೆ ಸೊಂಟದೆತ್ತರದ ಕಟ್ಟೆ ಬೇಕು, ಅದರ ಗುಂಡಿಯೊಳಗೆ ಕೆಮ್ಮಣ್ಣು, ಉಸುಕು, ಹಳೇ ಸಗಣಿ ಗೊಬ್ಬರ ಬೇಕು. ದೇವಿಗೆ ಪೀಠ ಕಟ್ಟಿದೆವು ಎನ್ನುತ್ತೇವೆ. ಅದೇ ಕೈಯಿಂದ ಬೇರಿಗೆ ನೀರು ಬಸಿಯುವ ಜಾಗವನ್ನೂ ಕಟ್ಟಿದ್ದೇವೆ. ಇವೆರಡನ್ನು ಬೇರೆ ಮಾಡಿ ನೋಡುವುದು ನನ್ನಿಂದಾಗದು.

ಬೆಳಗಿನ ಪೂಜೆಯನ್ನು ಹತ್ತಿರ ನಿಂತು ನೋಡಬೇಕು. ಅಂಗಳ ಕಸ ಹೊಡೆದು, ಥಳಿ ಹೊಡೆದು, ಕಟ್ಟೆಯ ಮುಂದೆ ರಂಗೋಲಿ ಎಳೆದಾಗಿದೆ. ಮನೆಯಾಕೆ ತಂಬಿಗೆಯ ನೀರನ್ನು ಒಮ್ಮೆಲೆ ಸುರಿಯುವುದಿಲ್ಲ, ಬೆರಳಿಗೆ ತಾಗಿಸಿ ಸಣ್ಣ ಧಾರೆಯಾಗಿ ಬಿಡುತ್ತಾಳೆ. ಅರಿಷಿಣ ಕುಂಕುಮ ಏರಿಸಿ ಪ್ರದಕ್ಷಿಣೆ ಹಾಕುವಾಗ ಕಣ್ಣು ಗಿಡದ ಮೇಲೇ ಇರುತ್ತದೆ. ಒಣಗಿದ ಕದಿರನ್ನು ಅಲ್ಲಲ್ಲೇ ಚಿವುಟುತ್ತಾಳೆ. ಹೂಕದಿರು ತೆಗೆದಷ್ಟೂ ಗಿಡ ಕವಲೊಡೆದು ದಟ್ಟವಾಗುತ್ತದೆ. ಬೀಜಕ್ಕೆ ಬಿಟ್ಟರೆ ಬೇಗ ಸೊರಗುತ್ತದೆ. ಸಂಜೆ ಎಲೆ ಮುಟ್ಟಬಾರದು, ಭಾನುವಾರ ಕೀಳಬಾರದು, ದ್ವಾದಶಿಗೆ ಕೀಳಬಾರದು, ಉಗುರು ತಾಗಿಸಬಾರದು ಎಂಬ ಕಟ್ಟುಗಳೂ ಆಕೆಗೆ ಬಾಯಿಪಾಠ. ಶಾಸ್ತ್ರದ ಮಾತಾದರೂ ಗಿಡಕ್ಕೆ ಅದರಿಂದ ಬಿಡುವು ಸಿಗುತ್ತದೆ.

ಈ ಗಿಡದ ಕಥೆ ನೋವಿನ ಕಥೆ. ಜಲಂಧರನ ಹೆಂಡತಿ ವೃಂದೆ. ಅವಳ ಪಾತಿವ್ರತ್ಯದ ಬಲವಿರುವತನಕ ಗಂಡನಿಗೆ ಸಾವಿಲ್ಲ. ವಿಷ್ಣು ಅವಳ ಗಂಡನ ವೇಷದಲ್ಲಿ ಬಂದು ಆ ಬಲವನ್ನು ಮುರಿದ. ಕಲ್ಲಾಗು ಎಂದು ಅವಳು ಶಪಿಸಿದಳು, ಅವನು ಸಾಲಿಗ್ರಾಮವಾದ. ಬೆಂಕಿಗೆ ಬಿದ್ದ ಅವಳು ತುಳಸಿಯಾಗಿ ಚಿಗುರಿದಳು. ಮೋಸ ಹೋದ ಹೆಣ್ಣನ್ನು ಪ್ರತಿ ಮನೆಯ ಅಂಗಳಕ್ಕೆ ಕರೆತಂದು, ದೀಪ ಹಚ್ಚಿ, ದೇವರೇ ಅವಳಿಲ್ಲದೆ ನೈವೇದ್ಯ ಮುಟ್ಟುವುದಿಲ್ಲ ಎಂದು ನಿಯಮ ಮಾಡಿದ್ದು ಸಣ್ಣ ಪ್ರಾಯಶ್ಚಿತ್ತವಲ್ಲ. ಕಾರ್ತಿಕ ಶುದ್ಧ ದ್ವಾದಶಿಯ ಸಂಜೆ ತುಳಸಿ ಲಗ್ನ. ಕಬ್ಬಿನ ಜಲ್ಲೆಯ ಮಂಟಪ, ಕಾಯಿ ಬಿಟ್ಟ ನೆಲ್ಲಿಯ ಟೊಂಗೆ, ಎಳೆ ಹುಣಸೆಕಾಯಿ, ನಡುವೆ ಅಂತರಪಟ, ಮೇಲೆ ಅಕ್ಕಿಕಾಳು. ಆಕೆಯ ಲಗ್ನ ಮುಗಿದ ಮೇಲೆಯೇ ಉಳಿದ ಮನೆಗಳಲ್ಲಿ ಕನ್ಯೆ ನೋಡುವ ಮಾತು ಏಳುತ್ತದೆ.

ಕಟ್ಟೆಗೆ ವೃಂದಾವನ ಎಂಬ ಹೆಸರು ಬಂದದ್ದೂ ಈ ವೃಂದೆಯಿಂದಲೇ. ಮಾಧ್ವ ಯತಿಗಳ ಸಮಾಧಿಗೂ ಅದೇ ಹೆಸರು, ಹೆಚ್ಚು ಕಡಿಮೆ ಅದೇ ಆಕಾರ. ಕುಂದಗೋಳದ ಆಚೆ ಸವಣೂರಿನಲ್ಲಿ 1783ರಲ್ಲಿ ವೃಂದಾವನಸ್ಥರಾದ ಸತ್ಯಬೋಧ ತೀರ್ಥರ ಸನ್ನಿಧಿ ಇದೆ. ಬದುಕಿನ ಕೊನೆಯಲ್ಲಿ ಯತಿಯೂ ಈ ಗಿಡದ ಬುಡಕ್ಕೇ ಬರುತ್ತಾನೆ. ಗೃಹಸ್ಥನ ಬಾಯಿಗೆ ಕೊನೆಗೆ ಬೀಳುವುದೂ ತುಳಸಿ ನೀರೇ. ಲಿಂಗಾಯತರ ಮನೆಯಲ್ಲಿ ಪೂಜೆಗೆ ಸಲ್ಲುವುದು ಬಿಲ್ವಪತ್ರೆ. ಆದರೂ ಕೂಸಿಗೆ ಕೆಮ್ಮು ಬಂದರೆ ಯಾವ ಮನೆಯಾದರೂ ಕೈ ಚಾಚುವುದು ತುಳಸಿಯ ಕಡೆಗೆ. ನಾಲ್ಕು ಎಲೆ, ಹಸಿಶುಂಠಿ, ಎರಡು ಮೆಣಸಿನಕಾಳು, ಚೂರು ಬೆಲ್ಲ.

2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿಯ ಕಷಾಯವನ್ನು ಸೂಚಿಸಿದಾಗ ಎಲ್ಲರಿಗೂ ಹಿತ್ತಲು ನೆನಪಾಯಿತು. ಗಿಡ ಸುಮ್ಮನೆ ಇದ್ದಾಗ ಮದ್ದಲ್ಲ ಎಂದವರೇ ಹೆದರಿಕೆ ಹುಟ್ಟಿದಾಗ ಸಂಜೀವಿನಿ ಎಂದರು. ಎರಡೂ ಸರಿಯಲ್ಲ. ರಾತ್ರಿಯಿಡೀ ತುಳಸಿ ಆಮ್ಲಜನಕ ಬಿಡುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಮಾತೂ ನಿಜವಲ್ಲ, ಕತ್ತಲಲ್ಲಿ ಅದೂ ಎಲ್ಲ ಗಿಡಗಳಂತೆಯೇ ಉಸಿರಾಡುತ್ತದೆ. ಎಲೆಯಲ್ಲಿ ಯೂಜೆನಾಲ್ ಎಂಬ ತೈಲದಂಶ ಇರುವುದು ನಿಜ. ಲವಂಗದ ಖಾರದ ಘಮಕ್ಕೂ ಅದೇ ಕಾರಣ. ಇದ್ದಷ್ಟು ಗುಣವೇ ಸಾಕಷ್ಟಿದೆ, ಇಲ್ಲದ್ದನ್ನು ಅಂಟಿಸುವುದು ಗಿಡಕ್ಕೆ ಮಾಡುವ ಮರ್ಯಾದೆಯಲ್ಲ.

ಎರಡು ಮೂರು ವರ್ಷಕ್ಕೆ ಕಟ್ಟೆಯ ಗಿಡ ಮುದಿಯಾಗಿ ಕಡ್ಡಿಯಾಗುತ್ತದೆ. ಅಷ್ಟರಲ್ಲಿ ಚಿವುಟಿ ಎಸೆದ ಕದಿರಿನ ಬೀಜ ಗಾಳಿಗೆ, ಥಳಿಯ ನೀರಿಗೆ ಎಲ್ಲೆಲ್ಲೋ ಸೇರಿರುತ್ತದೆ. ಮೊದಲ ಮಳೆ ಬಿದ್ದು ವಾರ ಕಳೆದರೆ ಬಚ್ಚಲ ಮೋರಿಯ ಬದಿಯಲ್ಲಿ, ಬೂದಿಗುಡ್ಡೆಯ ಅಂಚಿನಲ್ಲಿ, ಬಿರಿದ ಯರಿಯ ಸಂದಿಯಲ್ಲಿ ಎರಡೆರಡು ಎಲೆಯ ಸಸಿಗಳು ಏಳುತ್ತವೆ. ಮುಸುರೆ ಚೆಲ್ಲಲು ಬಂದ ಹೆಣ್ಣುಮಗಳು ಬಗ್ಗಿ ಒಂದು ಎಲೆ ಹಿಸುಕಿ ಮೂಸುತ್ತಾಳೆ. ಪಾತ್ರೆ ಕೆಳಗಿಟ್ಟು, ಬೇರಿಗೆ ಮಣ್ಣು ಅಂಟಿದ್ದ ಹಾಗೆಯೇ ಸಸಿಯನ್ನು ಎತ್ತಿಕೊಂಡು ಅಂಗಳದ ಕಡೆ ನಡೆಯುತ್ತಾಳೆ.