ಸುಳ್ಳಾಗದ ಮಾತೆಲ್ಲ ಸತ್ಯವೇ?

ಸುಳ್ಳೆಂದು ಸಿಕ್ಕಿಬೀಳದ ಮಾತನ್ನು ಸತ್ಯವೆನ್ನಬಹುದೇ? ತರ್ಕಶಾಸ್ತ್ರದ ಈ ಹಳೆಯ ಪ್ರಶ್ನೆ ಈಗ ಗಣಕಯಂತ್ರದ ಚಿಪ್ ರೂಪಿಸುವವರಿಗೂ ಎದುರಾಗಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನಮ್ಮ ನಿಲಕ್ಕೋಟ್ಟೈ ಕಡೆಯ ಮಕ್ಕಳೂ ಬೆಂಗಳೂರಿಗೆ ಹೋಗಿ ಇಂಥ ಉದ್ಯೋಗ ಹಿಡಿಯುವ ಕಾಲವಾದ್ದರಿಂದ ಹಿರಿಯರಾದ ನಾವೂ ಇದನ್ನು ಯೋಚಿಸಬಹುದು.

1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪುವುದನ್ನು ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಕಂಡುಹಿಡಿದರು. ಸಂಸ್ಥೆ 47.5 ಕೋಟಿ ಡಾಲರ್ ಹೊರೆ ಹೊರಬೇಕಾಯಿತು. ನಾಲ್ಕಾರು ಲೆಕ್ಕ ಕೊಟ್ಟು ನೋಡಿದರೆ ಸಾಲದು, ಎಲ್ಲ ಸಂದರ್ಭಕ್ಕೂ ಸರಿಯೆಂದು ಗಣಿತದಿಂದಲೇ ಸಾಧಿಸಬೇಕೆಂಬ ‘ಫಾರ್ಮಲ್ ವೆರಿಫಿಕೇಶನ್’ ಕ್ರಮಕ್ಕೆ ಆ ಬಳಿಕ ಬಲ ಬಂದಿತು.

ಆದರೆ ಸಾಧಿಸುವುದು ಏನನ್ನು? ಮೊದಲೇ ಬರೆದಿಟ್ಟ ನಿಬಂಧನೆಗಳನ್ನು ಮಾತ್ರ. ರಸ್ತೆ ಕೂಡುವಲ್ಲಿಯ ಸಿಗ್ನಲ್ ದೀಪಕ್ಕೆ ‘ಅಡ್ಡ ಬರುವ ಎರಡು ದಿಕ್ಕಿಗೂ ಒಮ್ಮೆಗೇ ಹಸಿರು ಬರಕೂಡದು’ ಎಂದಷ್ಟೇ ವಿಧಿಸಿದೆವೆನ್ನಿ. ಸದಾ ಕೆಂಪಾಗಿ ಉರಿಯುವ ದೀಪವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ! ಹೂವಿನ ಗಾಡಿ ಮಾರುಕಟ್ಟೆ ಸೇರದೆ ಮಲ್ಲಿಗೆ ಬಾಡುತ್ತದೆ. ಗಣಿತ ಮಾತ್ರ ‘ಸರಿ’ ಎನ್ನುತ್ತದೆ. ‘ಕಾದವನಿಗೆ ಎಂದಾದರೂ ಹಸಿರು ಬರಬೇಕು’ ಎಂದು ಸೇರಿಸಿದರೂ ಸಾಲದು. ವರ್ಷ ಕಳೆದು ಬಂದರೂ ಅದು ‘ಎಂದಾದರೂ’ ತಾನೇ?

ಇದಕ್ಕಿಂತ ಸೂಕ್ಷ್ಮವಾದ ಮೋಸವೊಂದುಂಟು. ‘ಗುಂಡಿ ಒತ್ತಿದರೆ ಪಾದಚಾರಿಗೆ ದಾರಿ ಬಿಡಬೇಕು’ ಎಂಬ ನಿಬಂಧನೆಯಿದೆ. ಆದರೆ ಗುಂಡಿಯ ತಂತಿಯೇ ಜೋಡಣೆಯಾಗಿಲ್ಲ. ಕೋರಿಕೆ ಎಂದಿಗೂ ತಲುಪದು, ನಿಬಂಧನೆ ಎಂದಿಗೂ ಮುರಿಯದು. ಹೊಸ ವಿನ್ಯಾಸದ ಮೊದಲ ಪರಿಶೀಲನೆಗಳಲ್ಲಿ ಸುಮಾರು ಶೇಕಡ 20ರಷ್ಟು ನಿಬಂಧನೆಗಳು ಹೀಗೆ ಟೊಳ್ಳಾಗಿ ತೇರ್ಗಡೆಯಾಗುತ್ತವೆಂದು ಐಬಿಎಂ ಸಂಸ್ಥೆಯ ಸಂಶೋಧಕರು 1997ರಲ್ಲಿ ಬರೆದರು. ಅಂಥ ಕಡೆಯಲ್ಲೆಲ್ಲ ನಿಜವಾದ ದೋಷವೊಂದು ಇದ್ದೇ ಇರುತ್ತಿತ್ತಂತೆ. ಹುಲಿ ಎದುರಾಗದಿದ್ದರೆ ಪುಣ್ಯಕೋಟಿಯೂ ಮಾತಿಗೆ ತಪ್ಪದ ಹಸುವೇ. ಆದರೆ ಆಗ ಅವಳ ಸತ್ಯದ ಬಗ್ಗೆ ನಮಗೆ ತಿಳಿಯುತ್ತಿದ್ದುದಾದರೂ ಏನು?

ನಿಬಂಧನೆಯನ್ನು ತಿದ್ದುವವರು ಅನುಸರಿಸುವ ಉಪಾಯ ನನಗೆ ಮೆಚ್ಚಿಗೆಯಾಯಿತು. ವಿನ್ಯಾಸವನ್ನು ಬೇಕೆಂದೇ ಒಂದೆಡೆ ಕೆಡಿಸಿ, ನಿಬಂಧನೆಗಳು ಆಕ್ಷೇಪಿಸುತ್ತವೆಯೋ ಎಂದು ನೋಡುತ್ತಾರೆ. ಆಗಲೂ ‘ಸರಿ’ ಎಂದೇ ಬಂದರೆ, ಆ ಭಾಗವನ್ನು ಯಾವ ನಿಬಂಧನೆಯೂ ಕಾಯುತ್ತಿಲ್ಲವೆಂದು ಅರ್ಥ. ಪಾಠ ಓದದವನೂ ನೂರಕ್ಕೆ ನೂರು ಪಡೆದನಾದರೆ ಮೊದಲು ತಿದ್ದಬೇಕಾದುದು ಪ್ರಶ್ನೆಪತ್ರಿಕೆಯನ್ನಲ್ಲವೇ?

ಇಷ್ಟಾದರೂ, ಯಾರು ಎಷ್ಟು ಹೊತ್ತು ಕಾಯುವುದು ನ್ಯಾಯವೆಂಬುದನ್ನು ಯಂತ್ರ ಹೇಳಲಾರದು. ವಿನ್ಯಾಸ ಮಾಡಿದವನೇ ನಿಬಂಧನೆಯನ್ನೂ ಬರೆದರೆ ಅವನ ಕಣ್ತಪ್ಪು ಎರಡು ಕಡೆಯಲ್ಲೂ ಉಳಿದುಕೊಳ್ಳುತ್ತದೆ. ಬೇರೊಬ್ಬರು ಬರೆಯುವುದು ಲೇಸು. ಗುಂಡಿ ಒತ್ತಿ ರಸ್ತೆಯಂಚಿನಲ್ಲಿ ನಿಂತ ಮುದುಕಿಯನ್ನೂ ಒಮ್ಮೆ ಕೇಳಿ ಬರೆದರೆ ಇನ್ನೂ ಲೇಸು.